ಡ್ರಗ್ಸ್ ತಡೆಗೆ ದೇಶಕ್ಕೊಂದು ಯೋಜನೆ: ಮನವಿಯಲ್ಲಿ ಏನು ಬರೆಯೋಣ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾನು ಚೆಂಬೂರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಸಣ್ಣ ಹೋಟೆಲ್ ನಡೆಸುತ್ತಿದ್ದೇನೆ. ಇಲ್ಲಿನ ಕನ್ನಡ ಸಂಘದ ಕಮಿಟಿಯಲ್ಲೂ ಇದ್ದೇನೆ. ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ಸಂಸದರಿಗೆ ಒಂದು ಮನವಿ ಕೊಡಬೇಕೆಂದು ತೀರ್ಮಾನ ಮಾಡಿದ್ದೇವೆ. ಇಡೀ ದೇಶಕ್ಕೆ ಒಂದು ಗಟ್ಟಿ ಯೋಜನೆ ಬೇಕು ಎಂಬುದು ನಮ್ಮ ಬೇಡಿಕೆ. ‘ಮಾರುವವರಿಗೆ ಗಲ್ಲು, ತೆಗೆದುಕೊಳ್ಳುವವರಿಗೆ ಜೈಲು’ ಎಂದು ಮೊದಲ ಸಾಲು ಬರೆದಿದ್ದೇವೆ. ಇನ್ನೇನು ಸೇರಿಸಬೇಕು, ತಿಳಿಸಿ. ಇನ್ನೊಂದು ವಿಷಯ. ನನ್ನ ತಂಗಿಯ ಮಗನಿಗೆ 22 ವರ್ಷ. ಕೇಟರಿಂಗ್ ಕೆಲಸಕ್ಕೆ ಹೋಗುತ್ತಾನೆ. ಒಂದು ವರ್ಷದಿಂದ ಎಂಡಿ ತೆಗೆದುಕೊಳ್ಳುತ್ತಿದ್ದಾನೆ ಎಂದು ಈಗ ಗೊತ್ತಾಗಿದೆ. ರಾತ್ರಿ ನಿದ್ದೆ ಇಲ್ಲ. ಯಾರೋ ಹಿಂದೆ ಬರುತ್ತಿದ್ದಾರೆ ಅನ್ನುತ್ತಾನೆ. ಊರಾಚೆಯ ಒಂದು ವ್ಯಸನಮುಕ್ತಿ ಕೇಂದ್ರದವರು ತಾವೇ ಗಾಡಿ ತಂದು ಎತ್ತಿಕೊಂಡು ಹೋಗುತ್ತೇವೆ ಎಂದಿದ್ದಾರೆ. ಕಳಿಸಬಹುದೇ?

ಉತ್ತರ: ಎರಡನೇ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಮನವಿಗೆ ಇನ್ನೂ ದಿನಗಳಿವೆ, ಹುಡುಗನ ವಿಷಯ ಹಾಗಲ್ಲ.

ಕಳಿಸಬೇಡಿ. ಎಂಡಿ ಎಂದರೆ ಮೆಫೆಡ್ರೋನ್. ಮೈಮನಸ್ಸನ್ನು ಒಂದೇ ಸಮನೆ ಓಡಿಸುವ ಪುಡಿ ಅದು. ತುಂಬಾ ದಿನ ತೆಗೆದುಕೊಂಡವರಿಗೆ ನಿದ್ದೆ ಹೋಗುತ್ತದೆ, ಊಟ ಸೇರುವುದಿಲ್ಲ, ಆಮೇಲೆ ಅನುಮಾನ ಹತ್ತಿಕೊಳ್ಳುತ್ತದೆ. ಯಾರೋ ನೋಡುತ್ತಿದ್ದಾರೆ, ಫೋನ್ ಕದ್ದು ಕೇಳುತ್ತಿದ್ದಾರೆ ಅನ್ನಿಸುತ್ತದೆ. ಅದು ನಾಟಕ ಅಲ್ಲ. ಅವನಿಗೆ ನಿಜವಾಗಿಯೂ ಹಾಗೇ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಗುರುತಿಲ್ಲದ ನಾಲ್ಕು ಜನ ಗಾಡಿಯಿಂದ ಇಳಿದು ಕೈಕಾಲು ಹಿಡಿದರೆ ಏನಾಗುತ್ತದೆ, ಯೋಚಿಸಿ. ಅವನು ಹೆದರಿದ್ದೇ ಕಣ್ಣೆದುರು ನಡೆದ ಹಾಗಾಯಿತು, ಅಲ್ವಾ?

ಅಂಥ ಒಂದು ಕೇಂದ್ರದಿಂದ ತಪ್ಪಿಸಿಕೊಂಡು ಬಂದ ಹುಡುಗನನ್ನು ಕೆಲವು ವರ್ಷಗಳ ಹಿಂದೆ ನಾನು ಓಪಿಡಿಯಲ್ಲಿ ನೋಡಿದ್ದೇನೆ. ಎಡಗಾಲಿನ ಹರಡಿನ ಸುತ್ತ ಕಪ್ಪಗೆ ಬಳೆಯ ಹಾಗೆ ಒಂದು ಗುರುತು. ಸರಪಳಿಯದು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಾಗಿಲಿನ ಹತ್ತಿರವೇ ನಿಂತು, ಒಂದು ಕೈ ಚಿಲಕದ ಮೇಲಿಟ್ಟುಕೊಂಡು ಮಾತನಾಡಿದ. ಅವನ ಅಮ್ಮ ಕರಿಮಣಿ ಅಡವಿಟ್ಟು ಮೂರು ತಿಂಗಳ ಹಣ ಕಟ್ಟಿದ್ದರು. ಅವನು ಮತ್ತೆ ಡಾಕ್ಟರ್ ಅನ್ನುವವರನ್ನು ನಂಬುವ ಹಾಗಾಗಲು ಒಂದು ವರ್ಷ ಬೇಕಾಯಿತು.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ ಮತ್ತು ಡ್ರಗ್ಸ್‌ನಿಂದ ಬರುವ ತೊಂದರೆಗಳೂ ಸೇರಿವೆ. ಯಾರಿಗೇ ಆಗಲಿ ಸರಪಳಿ ಹಾಕುವುದನ್ನು ಆ ಕಾಯ್ದೆ ಪೂರಾ ನಿಷೇಧಿಸಿದೆ. ಒಪ್ಪದವರನ್ನು ಸೇರಿಸಿಕೊಳ್ಳಬೇಕಾದರೆ ಮನೋವೈದ್ಯರು ಪರೀಕ್ಷೆ ಮಾಡಿ ಅಪಾಯ ಇದೆ ಎಂದು ಬರೆದುಕೊಡಬೇಕು. ಅದಕ್ಕೂ ದಿನಗಳ ಮಿತಿ ಇದೆ. ಕೇಂದ್ರಕ್ಕೆ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇರಬೇಕು. ಆ ಕೇಂದ್ರದವರಿಗೆ ಫೋನ್ ಮಾಡಿ, ‘ನಿಮ್ಮ ನೋಂದಣಿ ಪತ್ರದ ಫೋಟೋ ಕಳಿಸಿ’ ಅನ್ನಿ. ಕಳಿಸುತ್ತಾರೋ ಇಲ್ಲವೋ ನೋಡಿ.

ಒಳ್ಳೆಯ ಕೇಂದ್ರಗಳೂ ಇವೆ, ಅದನ್ನೂ ಹೇಳಬೇಕು. ಪುಣೆಯ ಮುಕ್ತಾಂಗಣ 1986ರಲ್ಲಿ ಶುರುವಾದದ್ದು. ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ದಂಪತಿ ಕಟ್ಟಿದ್ದು. ಮುಂಬಯಿ, ಪುಣೆಗೆ ಬ್ರೌನ್ ಶುಗರ್, ಅಂದರೆ ಇಲ್ಲಿನವರು ಗರ್ದ್ ಅನ್ನುವ ಕಚ್ಚಾ ಹೆರಾಯಿನ್ ಪುಡಿ, ನುಗ್ಗಿದ ಕಾಲ ಅದು. ಮಾತು, ಕೆಲಸ, ಮನೆಯವರ ಜೊತೆ ಇವುಗಳ ಮೇಲೆ ನಡೆಯುವ ಜಾಗ. ಆದರೆ ನಿಮ್ಮ ಹುಡುಗನಿಗೆ ಮೊದಲು ಬೇಕಾದದ್ದು ಆಸ್ಪತ್ರೆ. ನಿಮಗೆ ಹತ್ತಿರ ಸಾಯನ್ ಆಸ್ಪತ್ರೆ. ಅಲ್ಲಿ ಮನೋವೈದ್ಯ ವಿಭಾಗದ ಓಪಿಡಿ ಇದೆ. ನೀವು ಅವನ ಸೋದರಮಾವ. ನೀವೇ ಜೊತೆಗೆ ಹೋಗಿ.

ಅವನ ಅನುಮಾನದ ಬಗ್ಗೆ ವಾದ ಮಾಡಬೇಡಿ. ‘ಯಾರೂ ಇಲ್ಲ, ಸುಮ್ನೆ ಇರು’ ಎಂದು ಗದರಬೇಡಿ. ‘ಹೌದು, ಇದ್ದಾರೆ’ ಎಂದೂ ಹೇಳಬೇಡಿ. ‘ನಿದ್ದೆ ಇಲ್ಲದೆ ನೀನು ಸೋತಿದ್ದೀ, ನಿದ್ದೆಗೆ ಔಷಧಿ ತರೋಣ ಬಾ’ ಅನ್ನಿ. ಹೆಚ್ಚಿನವರು ಆ ಮಾತಿಗೆ ಬರುತ್ತಾರೆ. ಎಂಡಿ ನಿಂತ ಮೇಲೆ ಕೆಲವು ದಿನ ಬರೀ ನಿದ್ದೆ, ಆಮೇಲೆ ಮಂಕು. ಆ ಮಂಕಿನ ದಿನಗಳಲ್ಲಿ ಒಂಟಿಯಾಗಿ ಬಿಡಬೇಡಿ. ಸಾಯುವ ಮಾತು ಒಮ್ಮೆ ಬಂದರೂ ರಾತ್ರಿ ಹಗಲು ನೋಡದೆ ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಪೊಲೀಸರಿಗೆ ಗೊತ್ತಾಗುತ್ತದೆಂಬ ಭಯ ನಿಮ್ಮ ತಂಗಿಗೆ ಇರಬಹುದು. ಚಿಕಿತ್ಸೆಗೆ ಬಂದವರ ವಿಷಯವನ್ನು ಗುಟ್ಟಾಗಿಡುವುದು ಡಾಕ್ಟರ ಹೊಣೆ, ಕಾನೂನೂ ಅದನ್ನೇ ಹೇಳುತ್ತದೆ. ಇನ್ನೂ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಇದೆ. ಚಟಕ್ಕೆ ಬಿದ್ದವನ ಮೇಲೆ ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸ್ ಆಗಿದ್ದರೂ, ಅವನು ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಜಾಗದಲ್ಲಿ ಚಿಕಿತ್ಸೆ ತೆಗೆದುಕೊಂಡರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಇಷ್ಟು ವರ್ಷಗಳಲ್ಲಿ ಈ ಸೆಕ್ಷನ್ ಗೊತ್ತಿದ್ದು ನನ್ನ ಹತ್ತಿರ ಬಂದ ಮನೆಯವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಈಗ ಮನವಿಗೆ ಬರೋಣ.

ಮೊದಲ ಸಾಲನ್ನು ತೆಗೆದುಬಿಡಿ ಎಂದು ಕೇಳಿಕೊಳ್ಳುತ್ತೇನೆ. ಅದನ್ನು ಬರೆದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅದು ಇಲ್ಲದ್ದನ್ನು ಕೇಳುವ ಸಾಲು ಅಲ್ಲ, ಇರುವುದನ್ನೇ ಮತ್ತೆ ಕೇಳುವ ಸಾಲು. ಎನ್‌ಡಿಪಿಎಸ್ ಕಾಯ್ದೆ 1985ರದು. ವ್ಯಾಪಾರದ ಪ್ರಮಾಣದಲ್ಲಿ ಮಾಲು ಸಿಕ್ಕರೆ ಈಗಲೇ 10ರಿಂದ 20 ವರ್ಷ ಕಠಿಣ ಶಿಕ್ಷೆ. ಹೆರಾಯಿನ್‌ಗೆ 250 ಗ್ರಾಂ, ಗಾಂಜಾಕ್ಕೆ 20 ಕಿಲೋ ಆ ಗೆರೆ. ಜಾಮೀನು ಸಿಗುವುದೂ ಬಹಳ ಕಷ್ಟ. ದೊಡ್ಡ ಪ್ರಮಾಣದಲ್ಲಿ ಎರಡನೇ ಸಲ ಸಿಕ್ಕಿಬಿದ್ದರೆ ಗಲ್ಲು ಕಡ್ಡಾಯ ಎಂದೂ ಇತ್ತು. ಅದು ಕಡ್ಡಾಯ ಆಗಕೂಡದು ಎಂದು 2011ರಲ್ಲಿ ಹೇಳಿದ್ದು ನಮ್ಮ ಬಾಂಬೆ ಹೈಕೋರ್ಟೇ. 2014ರ ತಿದ್ದುಪಡಿಯಲ್ಲಿ ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟರು. ಸೇವಿಸಿದವನಿಗೂ ಜೈಲಿದೆ. ಹೆರಾಯಿನ್, ಕೊಕೇನ್, ಮಾರ್ಫಿನ್‌ಗೆ ಒಂದು ವರ್ಷದವರೆಗೆ, ಗಾಂಜಾದಂಥವಕ್ಕೆ ಆರು ತಿಂಗಳವರೆಗೆ. ಅಂದರೆ ನೀವು ಕೇಳುತ್ತಿರುವ ಮದ್ದನ್ನು ನಾಲ್ಕು ದಶಕದಿಂದ ಕೊಡುತ್ತಲೇ ಇದ್ದೇವೆ.

ನಿಷೇಧ ಒಂದರಿಂದಲೇ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ನಿಷೇಧ ಇದೆ. ನಿಮ್ಮ ಹೋಟೆಲಿನ ಹುಡುಗರನ್ನು ಕೇಳಿ, ಎಷ್ಟು ಹೆಜ್ಜೆ ದೂರದಲ್ಲಿ ಸಿಗುತ್ತದೆ ಎಂದು.

ಪೊಲೀಸರು ಬೇಡ ಎಂದು ನಾನು ಹೇಳುತ್ತಿಲ್ಲ. ಎಂಡಿಯ ವಿಷಯದಲ್ಲಂತೂ ಪೊಲೀಸರ ಕೆಲಸ ದೊಡ್ಡದು. ಅಫೀಮಿಗೆ ಹೊಲ ಬೇಕು, ಗಡಿ ದಾಟಬೇಕು. ಎಂಡಿಗೆ ಕೆಮಿಕಲ್ ಮತ್ತು ಒಂದು ಶೆಡ್ ಸಾಕು. 2015ರಲ್ಲಿ ಅದನ್ನು ಎನ್‌ಡಿಪಿಎಸ್ ಪಟ್ಟಿಗೆ ಸೇರಿಸಿದರು. 2024ರ ಫೆಬ್ರವರಿಯಲ್ಲಿ ಪುಣೆ ಪೊಲೀಸರು ದೌಂಡ್ ತಾಲೂಕಿನ ಕುರ್ಕುಂಭ್ ಕೈಗಾರಿಕಾ ವಸಾಹತಿನಲ್ಲಿ ರಾಶಿ ರಾಶಿ ಎಂಡಿ ಹಿಡಿದರು. ಸಾವಿರಾರು ಕೋಟಿಯ ಮಾಲು. ಇಂಥ ಕಡೆ, ಮೂಲದಲ್ಲಿ, ಕೆಮಿಕಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಇಡುವುದರಲ್ಲಿ ಪೊಲೀಸರ ಬುದ್ಧಿ, ದುಡ್ಡು, ದಿನಗಳು ಖರ್ಚಾಗಬೇಕು. ಅದನ್ನು ಬಿಟ್ಟು ಸ್ಟೇಷನ್ ಸೇತುವೆ ಕೆಳಗೆ ಪುಡಿ ಸೇದಿದವನನ್ನು ಹಿಡಿದು ಕೋರ್ಟಿಗೆ ತಿರುಗಾಡಿಸಿದರೆ ಕೇಸುಗಳ ಸಂಖ್ಯೆ ಏರುತ್ತದೆ. ಎಂಡಿಯ ಬೆಲೆಯೂ ಏರುವುದಿಲ್ಲ, ಸಿಗುವುದೂ ನಿಲ್ಲುವುದಿಲ್ಲ.

‘ದೇಶಕ್ಕೆ ಯೋಜನೆಯೇ ಇಲ್ಲ’ ಎಂದೂ ಬರೆಯಬೇಡಿ, ಏಕೆಂದರೆ ಇದೆ. 2012ರಲ್ಲಿ ಮಾದಕ ವಸ್ತುಗಳ ರಾಷ್ಟ್ರೀಯ ನೀತಿ ಬಂತು. 2018ರಿಂದ ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ ಇದೆ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ನಶಾಮುಕ್ತ ಭಾರತ ಅಭಿಯಾನ ಶುರುವಾಯಿತು. ತೊಂದರೆ ಇರುವುದು ಕೆಲಸ ಹಂಚಿಹೋಗಿರುವ ರೀತಿಯಲ್ಲಿ. ಮಾಲು ಹಿಡಿಯುವ ಎನ್‌ಸಿಬಿ, ಅಂದರೆ ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ, ಗೃಹ ಇಲಾಖೆಯ ಕೈಯಲ್ಲಿ. ಎನ್‌ಡಿಪಿಎಸ್ ಕಾಯ್ದೆ ಮತ್ತು ಅಫೀಮು ಬೆಳೆಯ ಲೈಸೆನ್ಸ್ ಹಣಕಾಸು ಇಲಾಖೆಯದು. ವ್ಯಸನಮುಕ್ತಿ ಕೇಂದ್ರಗಳು ಸಾಮಾಜಿಕ ನ್ಯಾಯ ಇಲಾಖೆಯವು. ಆಸ್ಪತ್ರೆ ಆರೋಗ್ಯ ಇಲಾಖೆಯದು. ಸೂಜಿ ಚುಚ್ಚಿಕೊಳ್ಳುವವರಿಗೆ ಔಷಧಿ ಕೊಡುವುದು ಏಡ್ಸ್ ನಿಯಂತ್ರಣದವರು. ನಿಮ್ಮ ಹೋಟೆಲಿನಲ್ಲಿ ಅಡಿಗೆಯವರಿಗೆ, ಸಪ್ಲೈಯರಿಗೆ, ಗಲ್ಲಾಪೆಟ್ಟಿಗೆಯಲ್ಲಿ ಕೂತವರಿಗೆ ಬೇರೆ ಬೇರೆ ಮಾಲೀಕರಿದ್ದರೆ ಗಿರಾಕಿಗೆ ಎಷ್ಟು ಹೊತ್ತಿಗೆ ಊಟ ಸಿಕ್ಕೀತು? ಎಲ್ಲರನ್ನೂ ಕೂಡಿಸಲು 2016ರಿಂದ ಎನ್‌ಕಾರ್ಡ್ ಎಂಬ ಸಮನ್ವಯ ಸಮಿತಿ ಇದೆ. ಜಿಲ್ಲೆಯ ಮಟ್ಟದಲ್ಲೂ ಅದರ ಸಭೆ ನಡೆಯಬೇಕು. ಆ ಸಭೆಯಲ್ಲಿ ಹಿಡಿದ ಕಿಲೋಗಳ ಲೆಕ್ಕದ ಜೊತೆಗೆ ಚಿಕಿತ್ಸೆಗೆ ಬಂದ ಜನರ ಲೆಕ್ಕವನ್ನೂ ಕೇಳಿ ಎಂದು ನಿಮ್ಮ ಮನವಿ ಒತ್ತಾಯಿಸಬಹುದು.

ಯಾಕೆಂದರೆ ನಾವು ಸೋಲುತ್ತಿರುವುದು ಅಲ್ಲೇ. ದೆಹಲಿಯ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ದೇಶದಾದ್ಯಂತ ಮಾಡಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಹೆರಾಯಿನ್, ಅಫೀಮು, ನೋವಿನ ಮಾತ್ರೆಯಂಥ ಅಫೀಮು ಜಾತಿಯವನ್ನು ಬಳಸುವವರು ಸುಮಾರು 2.26 ಕೋಟಿ. ಅವರಲ್ಲಿ ಬಳಕೆಯಿಂದಲೇ ತೊಂದರೆಗೆ ಸಿಕ್ಕಿದವರು ಸುಮಾರು 77 ಲಕ್ಷ. ನನಗೆ ನಿದ್ದೆ ಕೆಡಿಸಿದ ಅಂಕಿ ಬೇರೆ. ಕಾನೂನುಬಾಹಿರ ಡ್ರಗ್ಸ್‌ನ ಚಟಕ್ಕೆ ಬಿದ್ದ 20 ಜನರಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ಸಿಕ್ಕಿತ್ತು. ಕುಡಿತದ ಚಟದವರಲ್ಲಿ 38ಕ್ಕೆ ಒಬ್ಬರಿಗೆ. ಟಿಬಿಯ ವಿಷಯದಲ್ಲಿ ಇಂಥ ಲೆಕ್ಕ ಬಂದಿದ್ದರೆ ಪಾರ್ಲಿಮೆಂಟಿನಲ್ಲಿ ಕೂಗಾಟ ಆಗುತ್ತಿತ್ತು.

ಉಳಿದ ಹತ್ತೊಂಬತ್ತು ಜನ ಯಾಕೆ ಬರುವುದಿಲ್ಲ? ಹಟ, ಸೋಮಾರಿತನ ಎಂದು ಹೊರಗಿನವರು ತಿಳಿಯುತ್ತಾರೆ. ನಿಮ್ಮದೇ ವೃತ್ತಿಯ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಯಾದಗಿರಿ ಕಡೆಯವನು. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಎರಡು ವರ್ಷದಿಂದ ಗರ್ದ್ ಸೇದುತ್ತಿದ್ದ. ಬೆಳಿಗ್ಗೆ ಪುಡಿ ಸಿಗದಿದ್ದರೆ ಟರ್ಕಿ ಬರುತ್ತಿತ್ತು. ಟರ್ಕಿ ಎಂದರೆ ಪುಡಿ ನಿಂತಾಗ ಮೈ ಮಾಡುವ ರಂಪ. ಮೂಗು ಸೋರುತ್ತದೆ, ಆಕಳಿಕೆ ನಿಲ್ಲುವುದಿಲ್ಲ, ರೋಮ ನಿಮಿರುತ್ತದೆ, ಹೊಟ್ಟೆ ಹಿಂಡುತ್ತದೆ, ಕಾಲುಗಳು ತಾವಾಗಿ ಒದೆಯುತ್ತವೆ. ಮೊದಲ ಎರಡು ಮೂರು ದಿನ ನರಕ. ಅವನಿಗೆ ಪುಡಿಯ ಬದಲಿಗೆ ಕೊಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಶುರು ಮಾಡಿದೆವು. ನರ್ಸ್ ಮಾತ್ರೆಯನ್ನು ಪುಡಿ ಮಾಡಿ ನಾಲಿಗೆಯ ಕೆಳಗೆ ಹಾಕುತ್ತಾರೆ. ನುಂಗುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡು ಐದು ಹತ್ತು ನಿಮಿಷ ಬೆಂಚಿನ ಮೇಲೆ ಕೂರಬೇಕು. ಕರಗಿದ ಮೇಲೆ ನಾಲಿಗೆ ಎತ್ತಿ ತೋರಿಸಬೇಕು. ಆ ಬೆಂಚಿನ ಮೇಲೆ ಅವನು ಕೂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಸೋಪಿನ ನೀರಿಗೆ ಬೆಳ್ಳಗಾಗಿ ಸುಕ್ಕಾದ ಬೆರಳುಗಳು. ಕಣ್ಣು ಗೋಡೆಯ ಗಡಿಯಾರದ ಮೇಲೆ. ಹನ್ನೊಂದೂವರೆಗೆ ಊಟದ ರಶ್ ಶುರುವಾಗುತ್ತದೆ ಎಂದು ಬಾಯಿ ಮುಚ್ಚಿಯೇ ಕೈಸನ್ನೆಯಲ್ಲಿ ಹೇಳುತ್ತಿದ್ದ.

ಔಷಧಿ ಹಿಡಿಯಿತು. ಮೂರನೇ ವಾರಕ್ಕೆ ಊರಿಗೆ ಎರಡು ಸಾವಿರ ರೂಪಾಯಿ ಕಳಿಸಿದ್ದೇನೆಂದು ಹೇಳಿದ. ಐದನೇ ವಾರ ಬರಲಿಲ್ಲ. ದಿನಾ ಬೆಳಿಗ್ಗೆ ಎರಡು ಗಂಟೆ ಬಿಡಲು ಆಗುವುದಿಲ್ಲ ಎಂದು ಮಾಲೀಕರು ಹೇಳಿದ್ದರಂತೆ. ಅವರದೂ ತಪ್ಪೆಂದು ಹೇಗೆ ಹೇಳಲಿ? ಕೆಲಸ ಹೋಯಿತು. ಊರಿಗೆ ಹೋದ. ಅಲ್ಲಿ ಹತ್ತಿರದಲ್ಲೆಲ್ಲೂ ಆ ಮಾತ್ರೆ ಸಿಗಲಿಲ್ಲ. ಏಳು ತಿಂಗಳ ಮೇಲೆ ಮುಂಬಯಿಗೆ ವಾಪಸ್ ಬಂದಾಗ ಸೇದುವುದರಿಂದ ಚುಚ್ಚಿಕೊಳ್ಳುವುದಕ್ಕೆ ದಾಟಿದ್ದ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಇತ್ತು. ಅದಕ್ಕೆ ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಇದೆ, ಕೊಡಿಸಿದೆವು. ಆದರೆ ಆ ಏಳು ತಿಂಗಳು ಬೇಕಿರಲಿಲ್ಲ.

ಇವನನ್ನು ಮುಂದಿಟ್ಟುಕೊಂಡೇ ಯೋಜನೆ ಬರೆಯಬೇಕು ಎಂಬುದು ನನ್ನ ಮಾತು. ಓಪಿಡಿ ಬೆಳಿಗ್ಗೆ ಮಾತ್ರ ಇದ್ದರೆ ಹೋಟೆಲ್ ಹುಡುಗ, ಟ್ಯಾಕ್ಸಿಯವನು, ಕಟ್ಟಡದ ಕೂಲಿ, ಯಾರೂ ಬರಲಾರರು. ಸಂಜೆ ಏಳರಿಂದ ಒಂಬತ್ತರವರೆಗೆ ಒಂದು ಕೌಂಟರ್ ತೆರೆದಿಡಿ. ನಂಬಿಕೆ ಬಂದ ಮೇಲೆ ಕೆಲವು ದಿನದ ಮಾತ್ರೆ ಮನೆಗೆ ಕೊಡಿ. 2020ರ ಲಾಕ್‌ಡೌನ್‌ನಲ್ಲಿ ಹಾಗೆ ಕೊಟ್ಟೆವು. ಪಂಜಾಬಿನಲ್ಲಿ 2017ರಿಂದ ಇದಕ್ಕಾಗಿಯೇ ಹೊರರೋಗಿ ಕ್ಲಿನಿಕ್ಕುಗಳನ್ನು ತೆರೆದರು, ಅಲ್ಲೂ ಮನೆಗೆ ಮಾತ್ರೆ ಕೊಡುವ ರೂಢಿ ಬಂತು. ಕದ್ದು ಮಾರುವವರು ಇರುತ್ತಾರೆ, ಹೌದು. ಅದಕ್ಕೆ ಲೆಕ್ಕ ಇಡುವ ದಾರಿಗಳಿವೆ.

ಎಲ್ಲಕ್ಕಿಂತ ಮುಖ್ಯ, ಔಷಧಿ ಮನುಷ್ಯನ ಜೊತೆ ಊರು ಬದಲಿಸಬೇಕು. ಮುಂಬಯಿಯಲ್ಲಿ ಟಿಬಿ ಔಷಧಿ ತೆಗೆದುಕೊಳ್ಳುವವರು ಯಾದಗಿರಿಗೆ ಹೋದರೆ ಟಿಬಿಗೆಂದೇ ಇರುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಅವರ ದಾಖಲೆ ಅಲ್ಲಿಗೆ ವರ್ಗ ಆಗುತ್ತದೆ, ಅಲ್ಲಿಯೇ ಮಾತ್ರೆ ಮುಂದುವರಿಯುತ್ತದೆ. ಟಿಬಿಗೆ ಆಗುವುದು ಇದಕ್ಕೆ ಯಾಕೆ ಆಗಬಾರದು? ನಮ್ಮ ಜನ ಊರಿಗೂ ಮುಂಬಯಿಗೂ ಓಡಾಡಿಕೊಂಡೇ ಬದುಕಿದವರು. ಜಾತ್ರೆಗೆ, ಕೋಲಕ್ಕೆ, ಮದುವೆಗೆ, ಮಳೆಗಾಲದ ಬಿತ್ತನೆಗೆ ಹೋಗಿಯೇ ಹೋಗುತ್ತಾರೆ. ಇದನ್ನು ಮರೆತ ಯೋಜನೆಯನ್ನು ರಾಷ್ಟ್ರೀಯ ಎಂದು ನಾನು ಕರೆಯಲಾರೆ. ನಿಮ್ಮ ಮನವಿಯ ಮೊದಲ ಸಾಲು ಇದಾಗಲಿ.

‘ಒಂದು ನಶೆ ಬಿಡಿಸಲು ಇನ್ನೊಂದು ನಶೆ ಕೊಡುವುದಾ?’ ಎಂದು ಕಮಿಟಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬ್ಯುಪ್ರೆನಾರ್ಫಿನ್ ಅಫೀಮು ಜಾತಿಯದ್ದೇ, ಮುಚ್ಚಿಡುವುದಿಲ್ಲ. ಆದರೆ ನಿಧಾನವಾಗಿ ಹತ್ತಿ, ತುಂಬ ಹೊತ್ತು ಸಮನಾಗಿ ನಿಲ್ಲುತ್ತದೆ. ಏರಿಳಿತ ಇಲ್ಲ, ಟರ್ಕಿ ಇಲ್ಲ. ಬೆಳಿಗ್ಗೆ ಎದ್ದು ಪುಡಿ ಹುಡುಕುವ ಕೆಲಸ ತಪ್ಪುತ್ತದೆ. ಆ ಸಮಯದಲ್ಲಿ ಮನುಷ್ಯ ಕೆಲಸ, ಮನೆ, ಮಾತು ಇವನ್ನು ಮತ್ತೆ ಕಟ್ಟಿಕೊಳ್ಳುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2005ರಿಂದ ಇದನ್ನೂ ಇಂಥದೇ ಇನ್ನೊಂದು ಔಷಧಿಯಾದ ಮೆಥಡೋನನ್ನೂ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇಟ್ಟಿದೆ. ಎಂಡಿಗೆ ಇಂಥ ಬದಲಿ ಮಾತ್ರೆ ಇಲ್ಲ. ಅಲ್ಲಿ ಕೌನ್ಸೆಲಿಂಗ್ ಮತ್ತು ತಿಂಗಳುಗಟ್ಟಲೆ ಜೊತೆ ನಿಲ್ಲುವುದೇ ಮದ್ದು. ಹಾಗಾಗಿ ಕೌನ್ಸೆಲರ್‌ಗಳಿಗೆ ಸರಿಯಾದ ಸಂಬಳ, ಖಾಯಂ ಕೆಲಸ ಕೊಡಿ ಎಂಬುದೂ ಮನವಿಯಲ್ಲಿ ಬರಲಿ.

ಇನ್ನೊಂದು ಮಾತು ಇದೆ, ಹಾನಿ ತಗ್ಗಿಸುವುದು ಎಂದು. ಇದು ಕೇಳಿದೊಡನೆ ಜನ ಹುಬ್ಬು ಗಂಟಿಕ್ಕುತ್ತಾರೆ. ಜುಲೈಯಲ್ಲಿ ಮಳೆನೀರು ನಿಲ್ಲುವ ನಮ್ಮ ಹಿಂದ್‌ಮಾತಾ ಜಂಕ್ಷನ್ ನೆನಪಿಸಿಕೊಳ್ಳಿ. ಮಳೆ ನಿಲ್ಲಲಿ ಎಂದು ಪಾಲಿಕೆಯವರು ಕೂತಿಲ್ಲ. ಪಂಪು ಇಟ್ಟಿದ್ದಾರೆ, ನೆಲದಡಿ ಟ್ಯಾಂಕ್ ಕಟ್ಟಿದ್ದಾರೆ. ಪಂಪು ಇಟ್ಟರೆಂದು ಮಳೆಗೆ ಪ್ರೋತ್ಸಾಹ ಕೊಟ್ಟ ಹಾಗಾಗಲಿಲ್ಲ. ಚುಚ್ಚಿಕೊಳ್ಳುವವನಿಗೆ ಹೊಸ ಸೂಜಿ ಕೊಡುವುದೂ ಹಾಗೆಯೇ. ಮಣಿಪುರದಲ್ಲಿ 1990ರ ಸುಮಾರಿಗೆ ಸೂಜಿ ಹಂಚಿಕೊಂಡೇ ಕೆಲವೇ ತಿಂಗಳುಗಳಲ್ಲಿ ಚುಚ್ಚಿಕೊಳ್ಳುವವರಲ್ಲಿ ಅರ್ಧದಷ್ಟು ಜನರಿಗೆ ಎಚ್‌ಐವಿ ಹಬ್ಬಿತು. ಅವರಿಂದ ಹೆಂಡತಿಯರಿಗೆ, ಮಕ್ಕಳಿಗೆ. 2019ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಈ ಜೀವಗಳನ್ನು ನಾಳೆಯವರೆಗೆ ಉಳಿಸಿಕೊಂಡರೆ ಮಾತ್ರ ನಾಳಿದ್ದು ಚಟ ಬಿಡಿಸುವ ಮಾತು.

ಜೈಲಿನಿಂದ ಅಥವಾ ಕೇಂದ್ರದಿಂದ ಹೊರಬಂದ ಮೊದಲ ವಾರಗಳು ಅತಿ ಅಪಾಯದವು. ಇದನ್ನು ಎಲ್ಲ ಮನೆಯವರೂ ತಿಳಿದಿರಬೇಕು. ಮೂರು ತಿಂಗಳು ಗರ್ದ್ ಇಲ್ಲದೆ ಮೈಯ ತಾಳಿಕೆ ಇಳಿದಿರುತ್ತದೆ. ಹೊರಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ನಲಾಕ್ಸೋನ್ ಎಂಬ ಔಷಧಿ ಕೆಲವೇ ನಿಮಿಷಗಳಲ್ಲಿ ಉಸಿರನ್ನು ವಾಪಸ್ ತರುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ಆಸ್ಪತ್ರೆಯ ಬೀರುವಿನಲ್ಲೇ ಇದೆ. ಸಾವು ಆಗುವುದು ರೈಲು ಹಳಿಯ ಪಕ್ಕ, ಸಾರ್ವಜನಿಕ ಶೌಚಾಲಯದಲ್ಲಿ. ಆಂಬುಲೆನ್ಸ್‌ನವರ, ಬೀದಿಯಲ್ಲಿ ಕೆಲಸ ಮಾಡುವ ಕಾರ್ಯಕರ್ತರ ಚೀಲಕ್ಕೆ ಅದು ಬರಬೇಕು. ಜೈಲಿನೊಳಗೂ ಚಿಕಿತ್ಸೆ ಬೇಕು. ತಿಹಾರ್ ಜೈಲಿನಲ್ಲಿ 2008ರಲ್ಲೇ ಬದಲಿ ಮಾತ್ರೆ ಕೊಡುವುದನ್ನು ಶುರು ಮಾಡಿದ್ದರು. ಆರ್ಥರ್ ರೋಡ್‌ನಂಥ, ಹಿಡಿಸುವುದಕ್ಕಿಂತ ಎಷ್ಟೋ ಪಟ್ಟು ಜನ ತುಂಬಿದ ಜೈಲಿನಲ್ಲಿ ಟರ್ಕಿಯಲ್ಲಿ ಒದ್ದಾಡುವ ಹುಡುಗನನ್ನು ನೆನೆಸಿಕೊಳ್ಳಿ.

ಪೋರ್ಚುಗಲ್‌ನ ಹೆಸರು ಯಾರಾದರೂ ಎತ್ತಬಹುದು. ಅಲ್ಲಿ ಡ್ರಗ್ಸ್ ಮಾರಲು ಪರವಾನಗಿ ಇದೆ ಎಂದು ತಪ್ಪು ತಿಳಿದವರು ಬಹಳ. ಹಾಗಲ್ಲ. 1999ರಲ್ಲಿ ಅವರು ರಾಷ್ಟ್ರೀಯ ಯೋಜನೆ ಮಾಡಿದರು, 2001ರಲ್ಲಿ ಕಾನೂನು ಬದಲಿಸಿದರು. ಹತ್ತು ದಿನದ ಬಳಕೆಯಷ್ಟು ಸಿಕ್ಕರೆ ಕ್ರಿಮಿನಲ್ ಕೋರ್ಟ್ ಇಲ್ಲ. ಮೂರು ಜನರ ಸಮಿತಿಯ ಮುಂದೆ ಕೂರಬೇಕು. ಚಟ ಇದೆ ಎಂದಾದರೆ ಚಿಕಿತ್ಸೆಯ ಕಡೆ ಕಳಿಸುತ್ತಾರೆ. ಮಾಲನ್ನು ಆಗಲೂ ಕಿತ್ತುಕೊಳ್ಳುತ್ತಾರೆ, ಮಾರುವವನು ಆಗಲೂ ಜೈಲಿಗೇ ಹೋಗುತ್ತಾನೆ. ಜೊತೆಗೆ ಚಿಕಿತ್ಸೆಗೆ ಹಣ ಸುರಿದರು. ಚುಚ್ಚಿಕೊಳ್ಳುವವರಲ್ಲಿ ಹೊಸ ಎಚ್‌ಐವಿ ಬಹಳ ಇಳಿಯಿತು. ಮುಂದೆ ಆ ಹಣ ಕಡಿತವಾದ ಮೇಲೆ ಪೋರ್ಟೊದಂಥ ಊರುಗಳಲ್ಲಿ ಬೀದಿಯ ಬಳಕೆಯ ದೂರು ಮತ್ತೆ ಕೇಳಿಬಂತು. ಕಾನೂನು ಬದಲಿಸಿ ಆಸ್ಪತ್ರೆಗೆ ದುಡ್ಡು ಕೊಡದಿದ್ದರೆ ಪ್ರಯೋಜನ ಇಲ್ಲ ಎಂದು ನಾನು ಇದರಿಂದ ತಿಳಿದುಕೊಂಡಿದ್ದೇನೆ. ನಮ್ಮಲ್ಲಿ ಕಾನೂನು ಬದಲಾಗುವವರೆಗೂ ಕಾಯಬೇಕಿಲ್ಲ. 64ಎ ಇದೆ, ಚಿಕಿತ್ಸೆಗೆಂದು ಬಿಡುಗಡೆ ಮಾಡುವ ಸೆಕ್ಷನ್ 39 ಇದೆ. ಎಲ್ಲ ಪೊಲೀಸ್ ಠಾಣೆಗಳಲ್ಲೂ ಅವನ್ನು ಮರಾಠಿ, ಹಿಂದಿ, ಕನ್ನಡದಲ್ಲಿ ಗೋಡೆಗೆ ಹಚ್ಚಿ ಎಂದು ಕೇಳಿ.

ಮನವಿಯಲ್ಲಿ ಕುಡಿತದ ಮಾತೇ ಇಲ್ಲ. ಸೇರಿಸಿ. ಅದೇ ಸಮೀಕ್ಷೆಯ ಪ್ರಕಾರ ಕುಡಿತದಿಂದ ತೊಂದರೆಗೆ ಸಿಕ್ಕವರು 5.7 ಕೋಟಿ. ಎಂಡಿಯ ಸುದ್ದಿ ಟಿವಿಯಲ್ಲಿ ಬರುತ್ತದೆ, ಕುಡಿತದ ಶವ ಮನೆಯಿಂದ ಸದ್ದಿಲ್ಲದೆ ಹೋಗುತ್ತದೆ.

ಮಕ್ಕಳ ಸಾಲೂ ಬೇಕು. ವೈಟ್ನರ್, ಸೊಲ್ಯೂಷನ್ ಮೂಸುವ ಮಕ್ಕಳಲ್ಲಿ ಸಹಾಯ ಬೇಕಾದವರು 4.6 ಲಕ್ಷ ಎಂದು ಅಂದಾಜು. ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಇರುವ ನಶೆ ಇದೊಂದೇ. ಮಗುವಿನ ಕೈಗೆ ನಶೆಯ ವಸ್ತು ಕೊಟ್ಟರೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಶಿಕ್ಷೆ ಬೇಕೆನ್ನುವವರು ಇಲ್ಲಿ ಕೇಳಲಿ, ನಾನೂ ಸಹಿ ಹಾಕುತ್ತೇನೆ.

ತಡೆಗಟ್ಟುವ ಕೆಲಸದ ಬಗ್ಗೆ ನನಗೊಂದು ಹಳೆಯ ನೆನಪಿದೆ. ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹೋಟೆಲ್ ಹುಡುಗರು ಕೆಲಸ ಮುಗಿಸಿ, ಮುಖ ತೊಳೆದು, ಅಂಗಿ ಬದಲಿಸಿ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಕಲಿಯುತ್ತಿದ್ದ ದಿನಗಳಲ್ಲಿ ಅಂಥ ಒಂದು ಶಾಲೆಯಲ್ಲಿ ವಾರಕ್ಕೊಮ್ಮೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಡ್ರಗ್ಸ್ ಬಗ್ಗೆ ಅಲ್ಲಿ ಒಂದು ಮಾತೂ ಆಡಲಿಲ್ಲ. ಆದರೆ ಸಂಜೆ ಏಳರಿಂದ ಒಂಬತ್ತರವರೆಗೆ ಆ ಹುಡುಗರು ಎಲ್ಲಿದ್ದಾರೆ ಎಂದು ಒಬ್ಬ ಮೇಷ್ಟ್ರಿಗೆ ಗೊತ್ತಿರುತ್ತಿತ್ತು. ಹುಡುಗ ಎರಡು ದಿನ ಬರದಿದ್ದರೆ ಹೋಟೆಲಿಗೇ ಹೋಗಿ ವಿಚಾರಿಸುತ್ತಿದ್ದರು. ತಲೆಬುರುಡೆಯ ಪೋಸ್ಟರ್ ತೋರಿಸಿ ಹೆದರಿಸುವುದರಿಂದ ಮಕ್ಕಳು ಬದಲಾಗುವುದು ಕಡಿಮೆ. ವಿಚಾರಿಸುವ ದೊಡ್ಡವರೊಬ್ಬರು ಇದ್ದರೆ ಬಹಳ ಬದಲಾಗುತ್ತದೆ. ಸಂಘದ ಹಾಲ್ ವಾರದ ದಿನಗಳಲ್ಲಿ ಸಂಜೆ ಖಾಲಿ ಇರುತ್ತದೆ, ಅಲ್ವಾ?

ಸಂಸದರ ಹತ್ತಿರ ಹೋಗುವ ಮೊದಲು ನೀವೇ ಮಾಡಬಹುದಾದ ಎರಡು ಕೆಲಸ ಇವೆ. ನಿಮ್ಮ ಸಂಘದಲ್ಲಿರುವ ಹೋಟೆಲ್ ಮಾಲೀಕರೆಲ್ಲ ಸೇರಿ ಒಂದು ಒಪ್ಪಂದ ಮಾಡಿಕೊಳ್ಳಿ. ಚಿಕಿತ್ಸೆಗೆ ಹೋಗುವ ಹುಡುಗನಿಗೆ ಬೆಳಿಗ್ಗೆ ಎರಡು ಗಂಟೆ ರಜೆ, ಸಂಬಳ ಕಡಿತ ಇಲ್ಲ. ಒಮ್ಮೆ ಜಾರಿದರೆ ಕೆಲಸದಿಂದ ತೆಗೆಯುವುದಿಲ್ಲ. ಈ ಕಾಯಿಲೆಯಲ್ಲಿ ಜಾರುವುದು ಸಹಜ. ಇನ್ನೊಂದು, ಮರಾಠಿ ಬಲ್ಲ ನಾಲ್ಕು ಜನರ ಹೆಸರು ಬರೆದಿಡಿ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರಿಗೆ ಓಪಿಡಿಯ ಸಾಲಿನಲ್ಲಿ ಮಾತು ತಿಳಿಯದೆ ಅರ್ಧಕ್ಕೆ ವಾಪಸ್ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಜೊತೆಗೊಬ್ಬರು ನಿಂತರೆ ಸಾಕು.

ಮನವಿಯ ಕರಡನ್ನು ತಿದ್ದಿ ಕಳಿಸಿ, ನೋಡಿಕೊಡುತ್ತೇನೆ. ಹುಡುಗನನ್ನು ಮಾತ್ರ ನಾಳೆಯೇ ಕರೆದುಕೊಂಡು ಹೋಗಿ. ಕೇಸ್ ಪೇಪರ್ ಸಾಲು ಉದ್ದ ಇರುತ್ತದೆ, ಬೇಗ ಹೊರಡಿ. ಅವನು ಈಗ ಬೇರೆ ಯಾವುದಾದರೂ ಮಾತ್ರೆ ತಿನ್ನುತ್ತಿದ್ದರೆ ಅದರ ಪಟ್ಟಿ ಜೇಬಿನಲ್ಲಿರಲಿ. ಊಟ ಮಾಡಿರುವುದಿಲ್ಲ, ಡಬ್ಬಿಯಲ್ಲಿ ನಾಲ್ಕು ಇಡ್ಲಿ ತೆಗೆದುಕೊಂಡು ಹೋಗಿ.